ವೀರ್ಯಾಣುವಿನ ತಲೆಗೆ ಆ ಉದ್ದನೆ ಶೇಪ್ ಬರೋದು ಹೇಗೆ? ಡಿಎನ್ಎ ಟೈಟಾಗಿ ಪ್ಯಾಕಾದ್ರೆ ಸಾಕಾ?

ಸಾಕಾಗಲ್ಲ. ಡಿಎನ್ಎ ಸುತ್ತಿರೋ ಹಿಸ್ಟೋನ್ ಪ್ರೋಟೀನು ಹೋಗಿ, ಇನ್ನೂ ಟೈಟಾಗಿ ಕಟ್ಟೋ ಪ್ರೋಟಮಿನ್ ಬಂದು ನ್ಯೂಕ್ಲಿಯಸ್ (ಡಿಎನ್ಎ ಇರೋ ಕೋಶಕೇಂದ್ರ) ಕುಗ್ಗುತ್ತೆ ನಿಜ, ಮೈಸೂರಲ್ಲಿ ನನ್ನತ್ರ ಟ್ಯೂಷನ್‌ಗೆ ಬರೋ ಬಿಎಸ್ಸಿ ಹುಡುಗ್ರೂ ಅಷ್ಟೇ ಬರೆದು ಕೈತೊಳ್ಕೋತಾರೆ, ಆದ್ರೆ ಗುಂಡಗಿರೋ ಸ್ಪರ್ಮಾಟಿಡ್ (ವೀರ್ಯಾಣು ಆಗೋಕೆ ಮುಂಚಿನ ಕೋಶ) ಉದ್ದ ಆಗ್ಬೇಕಾದ್ರೆ ಹೊರಗಿಂದ್ಲೂ ಬಲ ಬೀಳ್ಬೇಕು. ಆ ಬಲ ಹಾಕೋದು ಮ್ಯಾಂಚೆಟ್, ಅಂದ್ರೆ ನ್ಯೂಕ್ಲಿಯಸ್‌ನ ಹಿಂಭಾಗ ಸುತ್ಕೊಳೋ ಮೈಕ್ರೋಟ್ಯೂಬ್ಯೂಲ್ ಅನ್ನೋ ಸಣ್ಣ ಕೊಳವೆಗಳು, ತಲೆ ರೆಡಿಯಾದ್ಮೇಲೆ ಅದು ಕಳಚಿ ಹೋಗುತ್ತೆ.

ಈಗ ಮುಖ್ಯ ವಿಷ್ಯ. ನ್ಯೂಕ್ಲಿಯಸ್‌ಗೆ ಎರಡು ಪೊರೆ, ಒಳಪೊರೆಯಲ್ಲಿ ಸನ್ ಪ್ರೋಟೀನು, ಹೊರಪೊರೆಯಲ್ಲಿ ನೆಸ್ಪ್ರಿನ್ ಥರದ ಕಾಶ್ ಪ್ರೋಟೀನು, ಇವೆರಡೂ ಮಧ್ಯದ ಸಂದಲ್ಲಿ ಕೈ ಹಿಡ್ಕೊಂಡು ಲಿಂಕ್ ಕಾಂಪ್ಲೆಕ್ಸ್ ಅನ್ನೋ ಸೇತುವೆ ಆಗುತ್ತೆ, ಮ್ಯಾಂಚೆಟ್ ಹಾಕೋ ಬಲ ನ್ಯೂಕ್ಲಿಯಸ್‌ಗೆ ತಲುಪೋದು ಇದರ ಮೂಲಕ. ಮಂಡ್ಯದೋರಿಗೆ ಹೇಳೋದಾದ್ರೆ ಎತ್ತಿಗೆ ಮೂಗುದಾರ ಇದ್ದಂಗೆ, ಅದಿಲ್ದೆ ಹಗ್ಗ ಎಷ್ಟು ಜಗ್ಗಿದ್ರೂ ಎತ್ತು ತಿರುಗಲ್ಲ. ಇಲಿಗಳಲ್ಲಿ ಸನ್4 ಜೀನ್ ತೆಗೆದು ನೋಡಿದಾರೆ, ಮ್ಯಾಂಚೆಟ್ ಚೆಲ್ಲಾಪಿಲ್ಲಿ, ತಲೆ ಗುಂಡಗೇ ಉಳೀತು, ಗಂಡಿಲಿಗೆ ಮರಿ ಆಗ್ಲಿಲ್ಲ.

ಸನ್5 ಕೆಲ್ಸ ಬೇರೆ, ಬಾಲ ತಲೆಗೆ ಅಂಟೋ ಜಾಗ ನೋಡ್ಕೊಳುತ್ತೆ, ಆ ಜೀನ್ ಕೆಟ್ಟಿರೋ ಗಂಡಸರಲ್ಲಿ ತಲೆಯೇ ಇಲ್ದೆ ಬರೀ ಬಾಲ ಈಜಾಡ್ತಿರುತ್ತೆ (ಕೇಳೋಕೆ ವಿಚಿತ್ರ, ಆದ್ರೆ ಮೈಕ್ರೋಸ್ಕೋಪಲ್ಲಿ ಕಾಣುತ್ತೆ). ಇನ್ನು ಮುಂದಿನ ತುದಿಗೆ ಡಿಪಿವೈ19ಎಲ್2 ಅನ್ನೋ ಒಳಪೊರೆ ಪ್ರೋಟೀನು, ಅದಿಲ್ದಿದ್ರೆ ಆಕ್ರೋಸೋಮ್ (ಅಂಡದ ಹೊದಿಕೆ ದಾಟೋಕೆ ಬೇಕಾದ, ತಲೆ ತುದಿಯ ಚೀಲ) ನ್ಯೂಕ್ಲಿಯಸ್‌ಗೆ ಕಚ್ಕೊಳಲ್ಲ, ತಲೆ ಗುಂಡಗಾಗುತ್ತೆ. ಇದೇ ಗ್ಲೋಬೋಜೂಸ್ಪರ್ಮಿಯಾ. ಅಂಥೋರ ವೀರ್ಯಾಣು ತಾನಾಗೇ ಅಂಡದ ಹೊದಿಕೆ ದಾಟಲ್ಲ, ಅದಕ್ಕೇ ಐವಿಎಫ್ ಸೆಂಟರಲ್ಲಿ ಇಕ್ಸಿ ಮಾಡಿ ಸೂಜಿಯಲ್ಲಿ ನೇರ ಅಂಡದೊಳಗೆ ಬಿಡ್ತಾರೆ.