ತೀರ್ಥಹಳ್ಳಿ ಬಳಿಯ ಕುಂದಾದ್ರಿ ಬೆಟ್ಟದ ಮೇಲೆ ನಿಂತು ವಲಸೆ ಗಿಡುಗಗಳನ್ನು ಎಣಿಸುವಾಗ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳುವುದು ಹೇಗೆ?

ಸುತ್ತುತ್ತಿರುವಾಗ ಎಣಿಸಲೇಬೇಡಿ, ಸುತ್ತು ಬಿಟ್ಟು ಹೊರಟಾಗ ಎಣಿಸಿ.

ಬಂಡೆ ಬಿಸಿಲಿಗೆ ಕಾದಾಗ ಅದರ ಮೇಲಿನ ಗಾಳಿಯೂ ಬಿಸಿಯಾಗಿ ಕಂಬದಂತೆ ಮೇಲೇಳುತ್ತದೆ. ದೂರದ ಪಯಣಕ್ಕೆ ಶಕ್ತಿ ಉಳಿಸಬೇಕಾದ ಗಿಡುಗಗಳು ರೆಕ್ಕೆ ಬಡಿಯದೆ ಆ ಕಂಬದೊಳಗೆ ಗಿರಕಿ ಹೊಡೆಯುತ್ತ ಎತ್ತರಕ್ಕೇರುತ್ತವೆ. ಆಗ ಗುಂಪು ಕಲಸಿಹೋಗಿರುತ್ತದೆ, ಲೆಕ್ಕ ತಪ್ಪುವುದು ಖಂಡಿತ. ತುದಿ ತಲುಪಿದ ಮೇಲೆ ಮಾತ್ರ ಒಂದರ ಹಿಂದೊಂದು, ರೆಕ್ಕೆ ತುಸು ಮಡಚಿ, ಮುಂದಿನ ಬಿಸಿಗಾಳಿಯತ್ತ ಒಂದೇ ದಿಕ್ಕಿಗೆ ಜಾರುತ್ತವೆ. ಎಣಿಸುವ ಗಳಿಗೆ ಅದೇ. ಬೆಟ್ಟದ ಮೇಲಿನ ಜೈನ ಬಸದಿಯ ಮೂಲೆಯಿಂದ ಎದುರಿನ ಗುಡ್ಡದ ತುದಿಗೆ ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳಿ. ದಾಟಿದ್ದಕ್ಕೆ ಒಂದು ಕೂಡಿಸಿ, ಮರಳಿದ್ದಕ್ಕೆ ಒಂದು ಕಳೆಯಿರಿ. ಪಶ್ಚಿಮಕ್ಕೆ ಹೊರಟ ಸಣ್ಣ ಹಕ್ಕಿಗಳನ್ನು ಬೇರೆಯಾಗಿ ಬರೆದಿಡಿ: ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುವ ಅಮೂರ್ ಫಾಲ್ಕನ್‌ಗಳಿರಬಹುದು, ಆ ಭಾಗ್ಯ ತಪ್ಪಬಾರದು.

ಅಕ್ಟೋಬರ್, ನವೆಂಬರ್‌ನಲ್ಲಿ ಮಂಜು ಹರಿದು ಬಂಡೆ ಬೆಚ್ಚಗಾಗುವವರೆಗೆ ಅವಸರ ಬೇಡ. ಇಲ್ಲಿಯೇ ನೆಲೆಸಿರುವ ಜುಟ್ಟಿನ ಹಾವುಗಿಡುಗವನ್ನು ಲೆಕ್ಕದಿಂದ ಬಿಡಿ. ರೆಕ್ಕೆಯಡಿಯ ಅಗಲವಾದ ಬಿಳಿ ಪಟ್ಟಿ, ಕಣಿವೆ ತುಂಬುವ ಸಿಳ್ಳೆ, ಇವೆರಡೇ ಸಾಕು ಅದನ್ನು ಗುರುತಿಸಲು.