ಡೆಕ್ ಒದ್ದೆ ಇದ್ದಾಗ 2 ಮೆಗಾಹರ್ಟ್ಸ್‌ನಲ್ಲಿ ಟ್ಯೂನ್ ಫೇಲ್
ಹಡಗಿನ ರೇಡಿಯೊ ಸೆಟ್ 8, 12 ಮೆಗಾಹರ್ಟ್ಸ್‌ನಲ್ಲಿ ಟ್ಯೂನ್ ಆಗಿ (ಅಂದ್ರೆ ಟ್ಯೂನರ್ ಆಂಟೆನಾವನ್ನ ಆ ಫ್ರೀಕ್ವೆನ್ಸಿಗೆ ಹೊಂದಿಸಿ) 2ರಲ್ಲಿ ಮಾತ್ರ, ಅದೂ ಮಳೆ ಬಂದಾಗ ಫೇಲ್ ಆಗ್ತಿದೆ ಅಂದ್ರೆ ಸೆಟ್ ಕೆಟ್ಟಿರೋದು ಕಮ್ಮಿ, ವಿಪ್ ಆಂಟೆನಾ (ಕೋಲಿನಂತೆ ನೆಟ್ಟಗೆ ನಿಂತಿರೋದು) ಬುಡದ ಇನ್ಸುಲೇಟರ್ (ಕರೆಂಟ್ ಹರಿಯದ ಹಾಗೆ ತಡೆಯೋ ತುಂಡು) ಮೇಲೆ ಉಪ್ಪು, ಹೊಗೆಮಸಿ ಕೂತಿರತ್ತೆ. 2ರಲ್ಲಿ ತರಂಗ 150 ಮೀಟರ್ ಉದ್ದ, ಅದ್ರ ಮುಂದೆ ವಿಪ್ ತುಂಬಾ ಗಿಡ್ಡ, ಹಾಗಾಗಿ ಬುಡದಲ್ಲಿ ಸಾವಿರಾರು ವೋಲ್ಟ್ ಬಂದು ಒದ್ದೆ ಉಪ್ಪಿನ ಮೇಲೆ ಲೀಕ್ ಆಗತ್ತೆ.

ಮೊದ್ಲು ಪವರ್ ಆಫ್ ಮಾಡಿ ಬ್ರೇಕರ್‌ಗೆ ಟ್ಯಾಗ್ ಹಾಕಿ, ಬ್ರಿಡ್ಜ್‌ನಲ್ಲಿ (ಹಡಗು ನಡೆಸೋ ಕೋಣೇಲಿ) ಹೇಳಿಯೇ ಮೇಲೆ ಹೋಗಿ, ಯಾರಾದ್ರೂ ಪಿಟಿಟಿ (ಮೈಕಿನ ಮಾತಾಡೋ ಬಟನ್) ಒತ್ತಿದ್ರೆ ಕೈ ಸುಟ್ಟೋಗತ್ತೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಇನ್ಸುಲೇಟರನ್ನ ಸಿಹಿನೀರಲ್ಲಿ ತೊಳ್ದು ಒಣಗಿಸಿ. ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡ್ರೆ ಅಲ್ಲಿ ಆರ್ಕ್ ಆಗಿದೆ (ಕಿಡಿ ಹಾರಿದೆ), ಬದಲಾಯಿಸ್ಲೇಬೇಕು. ಯಾರೋ ಇನ್ಸುಲೇಟರ್ ಮೇಲೂ ಪೇಂಟ್ ಬಳ್ದಿದ್ರೆ ಅದನ್ನೂ ತೆಗೀರಿ.

ಆಮೇಲೆ ಟೆಸ್ಟ್, ಒಣಗಿದ್ದಾಗ ಒಂದ್ಸಲ, ಮತ್ತೆ ಆಫ್ ಮಾಡಿ ಸಿಹಿನೀರು ಚಿಮುಕಿಸಿ ಇನ್ನೊಂದ್ಸಲ. 2182, 2187.5 ಕಿಲೋಹರ್ಟ್ಸ್ ಅಪಾಯದ ಕರೆಗೆ ಮೀಸಲು, ಅಲ್ಲಿ ಟ್ಯೂನ್ ಮಾಡ್ಬೇಡಿ, ಪಕ್ಕದ ವರ್ಕಿಂಗ್ (ಮಾಮೂಲಿ ಮಾತಿನ) ಫ್ರೀಕ್ವೆನ್ಸಿ ತಗೊಳ್ಳಿ.

ಆಗ್ಲೂ ಫೇಲ್ ಆದ್ರೆ ಅರ್ಥಿಂಗ್ ಇರ್ಬಹುದು, ನೋಡ್ದೆ ಖಚಿತ ಹೇಳಕ್ಕಾಗಲ್ಲ. ಟ್ಯೂನರ್‌ನಿಂದ ಹಲ್‌ಗೆ (ಹಡಗಿನ ಲೋಹದ ಮೈಗೆ) ಹೋಗೋ ತಾಮ್ರದ ಪಟ್ಟಿ ಬಿಚ್ಚಿ, ಹಸಿರು ಕಿಲುಬು ಲೋಹ ಹೊಳೆಯೋವರೆಗೂ ಉಜ್ಜಿ ಬಿಗಿ ಮಾಡಿ.