ಬೋರ್ಡ್ ಇಳಿಸಿದರೆ ದುಡ್ಡು ಉಳಿಯುತ್ತಾ?

ಸರ್ಕಾರದ ಖರ್ಚು ತಗ್ಗಿಸಲು ಬೇಡದ ನಿಗಮ, ಮಂಡಳಿ, ಇಲಾಖೆಗಳನ್ನು ಮುಚ್ಚಬೇಕೇ? ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ರಾಜ್ಯ ಲೆಕ್ಕಪತ್ರ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.

ಸರ್, ಒಂದೊಂದು ಜಾತಿಗೆ ಒಂದೊಂದು ನಿಗಮ, ಒಂದೊಂದು ಕೆಲಸಕ್ಕೆ ಒಂದೊಂದು ಮಂಡಳಿ. ಇವುಗಳಲ್ಲಿ ಅರ್ಧ ಮುಚ್ಚಿದರೆ ನಾವು ಕಟ್ಟುವ ತೆರಿಗೆಯಲ್ಲಿ ಎಷ್ಟು ಉಳಿಯಬಹುದು?
*– ಜೀನ್ಸ್ ಹೊಲಿಗೆ ಘಟಕದ ಮಾಲೀಕರು, ಬಳ್ಳಾರಿ*

ನೀವು ಅಂದುಕೊಂಡಷ್ಟು ಉಳಿಯುವುದಿಲ್ಲ. ಆದರೂ ಹಲವನ್ನು ಮುಚ್ಚಬೇಕು ಎನ್ನುವವರಲ್ಲಿ ನಾನೂ ಒಬ್ಬ.

2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ. ಇನ್ನು ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವೆ. ಇವನ್ನು ಯಾವ ಸರ್ಕಾರ ಬಂದರೂ ಕೊಡಲೇಬೇಕು. ಈ ಮೊತ್ತಗಳ ಎದುರು ಒಂದು ನಿಗಮದ ಆಡಳಿತ ವೆಚ್ಚ ತೀರಾ ಸಣ್ಣದು. ನಿಗಮ ಮುಚ್ಚಿದಾಗ ನಿಜಕ್ಕೂ ಉಳಿಯುವುದು ಅಧ್ಯಕ್ಷರ ಗೌರವಧನ, ಕಾರು, ಆಪ್ತ ಸಿಬ್ಬಂದಿ, ಬೆಂಗಳೂರಿನ ಬಾಡಿಗೆ ಕಟ್ಟಡ, ಸಭೆಗಳ ಭತ್ಯೆ. ಅಲ್ಲಿನ ನೌಕರರಲ್ಲಿ ಬಹಳಷ್ಟು ಜನ ಬೇರೆ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು. ಅವರು ಮಾತೃ ಇಲಾಖೆಗೆ ವಾಪಸ್ ಹೋಗುತ್ತಾರೆ, ಸಂಬಳ ಅಲ್ಲಿಂದ ನಡೆಯುತ್ತದೆ. ಫಲಾನುಭವಿಗೆ ಕೊಡುವ ಸಾಲ, ಸಹಾಯಧನವೂ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಹಾಗಾದರೆ ಮುಚ್ಚಬೇಕು ಅನ್ನುವುದು ಯಾಕೆ? ನಿಗಮಗಳು ಹುಟ್ಟುವುದಕ್ಕೆ, ಹುಟ್ಟಿದ ಮೇಲೆ ಸಾಯದೇ ಇರುವುದಕ್ಕೆ ಎರಡು ಕಾರಣಗಳಿವೆ. ಅವು ಗೊತ್ತಾದರೆ ಉತ್ತರ ಸಿಗುತ್ತದೆ.

ಒಂದು ರಾಜಕೀಯದ್ದು. 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಬಂತು. ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಸದಸ್ಯಬಲದ ಶೇಕಡಾ 15 ದಾಟುವಂತಿಲ್ಲ ಎಂದು ಅದು ಕಟ್ಟುಹಾಕಿತು. 224 ಸದಸ್ಯರ ನಮ್ಮ ಸಭೆಯಲ್ಲಿ ಅಂದರೆ ಮುಖ್ಯಮಂತ್ರಿ ಸೇರಿ 34. ಮಂತ್ರಿಯಾಗದ ಶಾಸಕರನ್ನು ಸಮಾಧಾನ ಮಾಡಲು ಉಳಿದ ಜಾಗ ನಿಗಮ ಮಂಡಳಿಗಳು. 2024ರ ಜನವರಿಯಲ್ಲಿ ಒಂದೇ ಬಾರಿಗೆ 34 ಶಾಸಕರನ್ನು ಅಧ್ಯಕ್ಷರನ್ನಾಗಿ ಮಾಡಲಾಯಿತು. ಯಾವ ಪಕ್ಷ ಇದ್ದರೂ ಇದೇ ಕತೆ, ಸುಮ್ನೆ ಒಂದು ಪಕ್ಷವನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯ ಕಾರಣದ ಬಗ್ಗೆ ಹೊರಗೆ ಮಾತು ಕಡಿಮೆ, ಲೆಕ್ಕದ ವಿಭಾಗದಲ್ಲಿ ಕೂತವರಿಗೆ ಮಾತ್ರ ಚೆನ್ನಾಗಿ ಗೊತ್ತು. ಇಲಾಖೆಗೆ ಕೊಟ್ಟ ಅನುದಾನ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವ್ಯಪಗತವಾಗುತ್ತದೆ, ಅಂದರೆ ಕೈತಪ್ಪುತ್ತದೆ. ಅದೇ ಹಣವನ್ನು ಮಾರ್ಚ್ ಕೊನೆಯ ವಾರದಲ್ಲಿ ಒಂದು ನಿಗಮಕ್ಕೋ, ಸರ್ಕಾರಿ ಕಟ್ಟಡ ಕಟ್ಟುವ ನಿರ್ಮಿತಿ ಕೇಂದ್ರಕ್ಕೋ ವರ್ಗಾಯಿಸಿದರೆ ಖಜಾನೆ ಲೆಕ್ಕದಲ್ಲಿ 'ಖರ್ಚಾಯಿತು' ಎಂದೇ ಬರುತ್ತದೆ. ಕೆಲಸ ಶುರುವಾಗಿರುವುದಿಲ್ಲ, ದುಡ್ಡು ನಿಗಮದ ಬ್ಯಾಂಕ್ ಖಾತೆಯಲ್ಲಿ ಬೆಚ್ಚಗೆ ಮಲಗಿರುತ್ತದೆ. ಮಹಾಲೇಖಪಾಲರ ವರದಿಗಳು ಇಂಥದ್ದಕ್ಕೆ ಮತ್ತೆ ಮತ್ತೆ ಆಕ್ಷೇಪ ಎತ್ತಿವೆ. ಅಧ್ಯಕ್ಷರ ಕಾರಿನ ಡೀಸೆಲ್‌ಗಿಂತ ಈ ಮಲಗಿದ ದುಡ್ಡಿನಿಂದ ಆಗುವ ನಷ್ಟ ತುಂಬಾ ಜಾಸ್ತಿ.

ಜಾತಿವಾರು ನಿಗಮಗಳ ಬಗ್ಗೆ ನನ್ನ ಅಭಿಪ್ರಾಯ ಇದು. ಗಂಗಾ ಕಲ್ಯಾಣದ ಕೊಳವೆಬಾವಿ, ಸ್ವಯಂ ಉದ್ಯೋಗದ ಸಾಲ, ಓದುವ ಮಕ್ಕಳ ಸಾಲ ಇವು ಸುಮಾರಾಗಿ ಎಲ್ಲ ನಿಗಮಗಳಲ್ಲೂ ಒಂದೇ. ಪ್ರತಿ ಸಮುದಾಯಕ್ಕೂ ಬೇರೆ ಲೆಕ್ಕಶೀರ್ಷಿಕೆ, ಬೇರೆ ಹಣ ಇರಲಿ. ಅದಕ್ಕೆ ಬೇರೆ ಬೇರೆ ವ್ಯವಸ್ಥಾಪಕ ನಿರ್ದೇಶಕರು, ಬೇರೆ ಬೇರೆ ಕಚೇರಿ ಯಾಕೆ?

ನಮ್ಮ ಹೊಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ ನೀರು. ನೀರು ಬರಲಿಲ್ಲ ಅಂತ ಹೋದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಒಂದು ಕಾಲುವೆಗೆ ಇಷ್ಟು ಕಚೇರಿ ಬೇಕಾ?
*– ಭತ್ತದ ರೈತರು, ಕಾರಟಗಿ*

ಬೇಡ. ಆದರೆ ಯಾವುದು ಯಾಕೆ ಇದೆ ಅಂತ ಮೊದಲು ನೋಡೋಣ.

ಅಣೆಕಟ್ಟು ಮತ್ತು ಬಲದಂಡೆಯ ಕಾಲುವೆಗಳು ತುಂಗಭದ್ರಾ ಮಂಡಳಿಯ ಕೈಯಲ್ಲಿವೆ. ಇದು 1953ರಲ್ಲಿ ಆಂಧ್ರ ರಾಜ್ಯ ಕಾಯ್ದೆಯ ಅಡಿ ರಾಷ್ಟ್ರಪತಿಗಳ ಆದೇಶದಿಂದ ಬಂದದ್ದು. ನೀರಿನಲ್ಲಿ ಬೇರೆ ರಾಜ್ಯಗಳಿಗೂ ಪಾಲಿದೆ. ಬೆಂಗಳೂರಿನಲ್ಲಿ ಕೂತು ಇದನ್ನು ಮುಚ್ಚಲು ಬರುವುದಿಲ್ಲ. ನಿಮ್ಮ ಎಡದಂಡೆ ಕಾಲುವೆ ಕರ್ನಾಟಕ ನೀರಾವರಿ ನಿಗಮದ ಮುನಿರಾಬಾದ್ ವಲಯದ್ದು. ಹೊಲಗಾಲುವೆ, ಬಸಿಗಾಲುವೆ, ನೀರು ಬಳಕೆದಾರರ ಸಹಕಾರ ಸಂಘ ಇವು ಕಾಡಾದ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕೆಲಸ. ಅದರ ಕಚೇರಿಯೂ ಮುನಿರಾಬಾದಿನಲ್ಲೇ. ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ನೀರು ಯಾವ ದಿನದಿಂದ ಯಾವ ದಿನದವರೆಗೆ ಎಂದು ಹೇಳುವುದು ನೀರಾವರಿ ಸಲಹಾ ಸಮಿತಿ.

ಇಲಾಖೆ ಇದ್ದೂ ನಿಗಮ ಯಾಕೆ ಬಂತು? ಕೃಷ್ಣಾ ನೀರು ಹಂಚಿದ ಬಚಾವತ್ ತೀರ್ಪನ್ನು 2000ದ ಮೇ ಬಳಿಕ ಮರುಪರಿಶೀಲಿಸಲು ಅವಕಾಶವಿತ್ತು. ಅಷ್ಟರೊಳಗೆ ನಮ್ಮ ಪಾಲು ಬಳಸಿ ತೋರಿಸಬೇಕಿತ್ತು, ಸರ್ಕಾರದ ಕೈಯಲ್ಲಿ ದುಡ್ಡಿರಲಿಲ್ಲ. ಬಾಂಡ್ ಮಾರಿ ಸಾಲ ಎತ್ತಲು ಕಂಪನಿ ಬೇಕಾಯಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ, 1998ರಲ್ಲಿ ನೀರಾವರಿ ನಿಗಮ ಬಂದವು. ಆಮೇಲೆ ಕಾವೇರಿಗೊಂದು, ಭದ್ರಾ ಮೇಲ್ದಂಡೆಗೊಂದು. ಆಗಿನ ಅವಸರ ಮುಗಿದು ಕಾಲು ಶತಮಾನವಾಯಿತು. ಅಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ಆಗಲೂ ಇಲಾಖೆಯವರೇ, ಈಗಲೂ ಇಲಾಖೆಯವರೇ.

ಕಾಡಾವನ್ನು ಪ್ರತ್ಯೇಕ ಪ್ರಾಧಿಕಾರವಾಗಿ ಇಡುವ ಬದಲು ಕಾಲುವೆ ನೋಡುವವರ ಕೈಕೆಳಗೇ ಒಂದು ವಿಭಾಗ ಮಾಡಬೇಕು ಎಂಬುದು ನನ್ನ ಮತ. ವಿತರಣಾ ಕಾಲುವೆ ಒಬ್ಬರದು, ಅದರಿಂದ ಸೀಳಿದ ಹೊಲಗಾಲುವೆ ಇನ್ನೊಬ್ಬರದು ಎನ್ನುವುದರಲ್ಲಿ ರೈತರಿಗೆ ಏನೂ ಲಾಭವಿಲ್ಲ. ಇದರಿಂದ ಕೋಟಿಗಟ್ಟಲೆ ಉಳಿಯುತ್ತದೆ ಅಂತ ಹೇಳಲಾರೆ. ಯಾರನ್ನು ಕೇಳಬೇಕು ಅನ್ನುವುದಂತೂ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 'ವೆಚ್ಚ ಕಡಿತ' ಅಂದ ಕೂಡಲೇ ಕತ್ತರಿ ಬೀಳುವುದು ಮೇಲಿನ ಪ್ರಾಧಿಕಾರಗಳ ಮೇಲಲ್ಲ, ಕಾಲುವೆ ಮೇಲೆ ನಡೆದಾಡುವ ಲಸ್ಕರ್, ಗ್ಯಾಂಗ್‌ಮನ್‌ಗಳ ಮೇಲೆ. ನಿವೃತ್ತರಾದವರ ಜಾಗಕ್ಕೆ ಹೊರಗುತ್ತಿಗೆಯವರು ಬರುತ್ತಾರೆ, ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ರಾತ್ರಿ ತೂಬು ಎತ್ತುವವರನ್ನು ತಡೆಯಲು ಯಾರೂ ಇಲ್ಲ ಅಂದರೆ ಕಾಲುವೆಯ 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ನಿಲ್ಲುವುದಿಲ್ಲ, 104ನೇ ಮೈಲಿಗೆ ಏನೂ ಉಳಿಯುವುದಿಲ್ಲ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದವರನ್ನು ಕೇಳಿ ನೋಡಿ.

ಶಾಲೆಗೆ ಎರಡು ಕೋಣೆ ಕೇಳಿದರೆ ಖನಿಜ ನಿಧಿಗೆ ಬರೆಯಿರಿ ಎನ್ನುತ್ತಾರೆ, ಅಲ್ಲಿ ಹೋದರೆ ಕಲ್ಯಾಣ ಕರ್ನಾಟಕ ಮಂಡಳಿ ಎನ್ನುತ್ತಾರೆ. ನಮ್ಮಲ್ಲಿ ದುಡ್ಡಿಗೆ ಬರವಿಲ್ಲವಂತೆ. ಮತ್ತೇಕೆ ಹೀಗೆ?
*– ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಸಂಡೂರು ತಾಲ್ಲೂಕು*

ನಿಮ್ಮ ತಾಲ್ಲೂಕಿನ ಮೇಲೆ ಮೂರು ದೊಡ್ಡ ಥೈಲಿಗಳಿವೆ ಅಮ್ಮ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಒಂದು. ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನು ಇದಕ್ಕೆ ಕಟ್ಟಬೇಕು. ಎರಡನೆಯದು ಗಣಿ ಪರಿಸರ ಪುನಶ್ಚೇತನ ನಿಗಮ. ಅಕ್ರಮ ಗಣಿಗಾರಿಕೆಯ ಪ್ರಕರಣದ ಬಳಿಕ ಸುಪ್ರೀಂ ಕೋರ್ಟ್ ಆದೇಶದಂತೆ ಕೂಡಿಬಿದ್ದ ಸಾವಿರಾರು ಕೋಟಿ ಅದರಲ್ಲಿದೆ. ಬಹಳ ವರ್ಷ ಖರ್ಚಾಗದೇ ಉಳಿದಿತ್ತು. 2022ರಲ್ಲಿ ನ್ಯಾಯಾಲಯವೇ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿತು. ಮೂರನೆಯದು ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಅಡಿಯದ್ದು. 2024-25ರ ಬಜೆಟ್ಟಿನಲ್ಲಿ ಅದಕ್ಕೆ ಹೇಳಿದ ಮೊತ್ತ 5,000 ಕೋಟಿ.

ಒಂದು ಕೇಂದ್ರದ ಕಾನೂನಿನಿಂದ, ಒಂದು ಕೋರ್ಟಿನಿಂದ, ಒಂದು ಸಂವಿಧಾನದಿಂದ ಬಂದದ್ದು. ರಾಜ್ಯ ಸರ್ಕಾರ ಮನಸ್ಸು ಮಾಡಿದರೂ ಇವುಗಳಲ್ಲಿ ಯಾವುದನ್ನೂ ಸುಲಭಕ್ಕೆ ಮುಚ್ಚಲಾಗದು. ಮಾಡಬಹುದಾದದ್ದು ಬೇರೆ ಇದೆ. ಮೂರೂ ಕಡೆ ಬೇರೆ ಬೇರೆ ಕ್ರಿಯಾಯೋಜನೆ ಆಗುವ ಬದಲು ಜಿಲ್ಲೆಗೆ ಒಂದೇ ಕಾಮಗಾರಿ ಪಟ್ಟಿ ಇರಬೇಕು. ಯಾವ ಕೋಣೆ, ಯಾವ ಥೈಲಿ, ಯಾರು ಕಟ್ಟುತ್ತಾರೆ ಎಲ್ಲ ಅದರಲ್ಲೇ. ಈ ಕೆಲಸಕ್ಕೆಂದೇ ಸಂವಿಧಾನದಲ್ಲಿ ಜಿಲ್ಲಾ ಯೋಜನಾ ಸಮಿತಿ ಇದೆ. ಅದಕ್ಕೆ ಜೀವ ಇದ್ದಿದ್ದರೆ ನೀವು ಅಲೆಯಬೇಕಾಗಿರಲಿಲ್ಲ.

ಕಟ್ಟುವವರಲ್ಲಂತೂ ಕತ್ತರಿ ಹಾಕಲು ಧಾರಾಳ ಜಾಗವಿದೆ. ಲೋಕೋಪಯೋಗಿ, ಪಂಚಾಯತ್ ರಾಜ್ ಎಂಜಿನಿಯರಿಂಗ್, ಗ್ರಾಮೀಣ ಮೂಲಸೌಕರ್ಯ ನಿಗಮ (ಹಿಂದಿನ ಭೂಸೇನೆ), ನಿರ್ಮಿತಿ ಕೇಂದ್ರ, ಗೃಹ ಮಂಡಳಿ ಎಲ್ಲರೂ ಅದೇ ಕೋಣೆಯನ್ನೇ ಕಟ್ಟುವುದು. ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಟೆಂಡರ್ ಇಲ್ಲದೆ ಕೆಲಸ ಕೊಡಲು ಕೆಲವು ಸಂಸ್ಥೆಗಳು ಅನುಕೂಲ, ಹಾಗಾಗಿ ಅವು ಉಳಿದಿವೆ. ಜಿಲ್ಲೆಯಲ್ಲಿ ಕಟ್ಟಡಕ್ಕೆ ಒಂದೇ ಎಂಜಿನಿಯರಿಂಗ್ ವಿಭಾಗ ಸಾಕು.

ಸರ್, ನಾನು ಪದವಿ ಮುಗಿಸಿ ಪರೀಕ್ಷೆಗೆ ಓದುತ್ತಿದ್ದೇನೆ. ಇಲಾಖೆ ಕಡಿಮೆ ಮಾಡುತ್ತಾರೆ ಅಂದಾಗೆಲ್ಲ ಭಯವಾಗುತ್ತದೆ. ನಮ್ಮ 371ಜೆ ಹುದ್ದೆಗಳು ಹೋಗುತ್ತವಾ?
*– ಓದುಗಿ, ರಾಯಚೂರು*

ಈ ಭಯದಲ್ಲಿ ಅರ್ಥವಿದೆ. ನಮ್ಮ ಭಾಗದ ಕಚೇರಿಗಳಲ್ಲಿ ಸಿ ದರ್ಜೆಯ ಶೇಕಡಾ 80, ಡಿ ದರ್ಜೆಯ ಶೇಕಡಾ 85 ಹುದ್ದೆಗಳು ಸ್ಥಳೀಯರಿಗೆ ಮೀಸಲು. ಇಲ್ಲಿ ಒಂದು ಹುದ್ದೆ ರದ್ದಾದರೆ ಅದು ನಿಮ್ಮ ಪಾಲಿನಿಂದಲೇ ಹೋಗುವುದು. ಅದಲ್ಲದೆ ರಾಜ್ಯದಲ್ಲಿ ಈಗಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಅಂದರೆ ಯಾರೂ ಘೋಷಿಸದೆ ಕಡಿತ ನಡೆದೇ ಇದೆ. ಅದೂ ಲೆಕ್ಕ ಹಾಕಿ ಮಾಡಿದ್ದಲ್ಲ, ಯಾರು ನಿವೃತ್ತರಾದರೋ ಆ ಕುರ್ಚಿ ಖಾಲಿ, ಅಷ್ಟೆ. ಬೇಕಾದ ಶಿಕ್ಷಕಿ, ನರ್ಸ್, ಗ್ರಾಮ ಲೆಕ್ಕಿಗರ ಜಾಗವೂ ಹಾಗೇ ಖಾಲಿಯಾಗುತ್ತದೆ, ಬೇಡದ ಕಚೇರಿ ಹಾಗೇ ಉಳಿಯುತ್ತದೆ.

ಹೊಸ ತಾಲ್ಲೂಕುಗಳನ್ನೇ ನೋಡಿ. ಮಸ್ಕಿ, ಸಿರವಾರ, ಕನಕಗಿರಿ, ಕುಕನೂರು, ಕಂಪ್ಲಿ, ಕುರುಗೋಡು ಎಲ್ಲ ತಾಲ್ಲೂಕಾದವು. ತಹಸೀಲ್ದಾರ್ ಬಂದರು. ಎಷ್ಟೋ ಇಲಾಖೆಗಳಿಗೆ ಜನ ಈಗಲೂ ಹಳೆಯ ತಾಲ್ಲೂಕಿಗೇ ಬಸ್ ಹತ್ತಬೇಕು. ಇಂಥ ಕಡೆ ಕಚೇರಿ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಮೇಲೆ ಜಾಸ್ತಿಯಾಗಿರುವವರನ್ನು ಇಲ್ಲಿಗೆ ಕಳಿಸಿ ಎನ್ನುತ್ತೇನೆ.

ಶಿಫಾರಸುಗಳಿಗಂತೂ ಕೊರತೆಯಿಲ್ಲ. ಹಾರನಹಳ್ಳಿ ರಾಮಸ್ವಾಮಿ ಅವರ ಆಡಳಿತ ಸುಧಾರಣಾ ಆಯೋಗ 2001ರಲ್ಲಿ ವರದಿ ಕೊಟ್ಟಿತು. 2021ರಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಟಿ.ಎಂ. ವಿಜಯಭಾಸ್ಕರ್ ನೇತೃತ್ವದಲ್ಲಿ ಎರಡನೇ ಆಯೋಗ ಬಂದು ಸಾವಿರಾರು ಶಿಫಾರಸು ಮಾಡಿತು. ಆಮೇಲೆ ಅದೇ ಆಯೋಗಕ್ಕೆ ಶಾಸಕ ಆರ್.ವಿ. ದೇಶಪಾಂಡೆ ಅಧ್ಯಕ್ಷರಾದರು. ಆಡಳಿತದ ಬೊಜ್ಜು ಕರಗಿಸಬೇಕಾದ ಆಯೋಗದ ಅಧ್ಯಕ್ಷರಿಗೇ ಸಂಪುಟ ದರ್ಜೆ ಸ್ಥಾನಮಾನ ಕೊಟ್ಟಿದ್ದು ನೋಡಿ ನಕ್ಕಿದ್ದೆ. ನೀವು ಓದುವುದನ್ನು ಮುಂದುವರಿಸಿ. ಈ ವರದಿಗಳ ವೇಗಕ್ಕಿಂತ ನೇಮಕಾತಿ ಅಧಿಸೂಚನೆ ಬೇಗ ಬರುತ್ತದೆ.

ಅಮೆರಿಕದಲ್ಲಿ ಮಾಡಿದ ಹಾಗೆ ಇಲ್ಲೂ ಒಂದೇ ಏಟಿಗೆ ಮುಚ್ಚಲು ಆಗಲ್ವಾ?
*– ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ*

ಅಲ್ಲಿ ಟ್ರಂಪ್ ಸರ್ಕಾರ 2025ರ ಜನವರಿಯಲ್ಲಿ ಖರ್ಚು ಕಡಿತ ಶುರು ಮಾಡಿತು. ಅದರ ಮುಂದಾಳತ್ವ ವಹಿಸಿದ್ದ ಉದ್ಯಮಿ ಎಲಾನ್ ಮಸ್ಕ್ ಮೊದಲು ಎರಡು ಲಕ್ಷ ಕೋಟಿ ಡಾಲರ್ ಉಳಿಸುವ ಮಾತಾಡಿದ್ದರು, ಆಮೇಲೆ ಅದು ಒಂದು ಲಕ್ಷ ಕೋಟಿಗೆ ಇಳಿಯಿತು. ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಜುಲೈ ಹೊತ್ತಿಗೆ ವಿದೇಶಾಂಗ ಇಲಾಖೆಯಲ್ಲಿ ಕರಗಿತು. ಆ ಆರ್ಥಿಕ ವರ್ಷದಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಒಟ್ಟು ಖರ್ಚು ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು. ದೊಡ್ಡ ಖರ್ಚು ಇರುವುದು ಪಿಂಚಣಿ, ಆರೋಗ್ಯ, ಬಡ್ಡಿಯಲ್ಲಿ. ನಮ್ಮಲ್ಲೂ ಮುಚ್ಚಿದ ಉದಾಹರಣೆಗಳಿವೆ. 2016ರಲ್ಲಿ ಬಂದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಪ್ರಕರಣಗಳು ಲೋಕಾಯುಕ್ತಕ್ಕೆ ಹೋದವು. ಕೆಲಸ ನಿಲ್ಲಲಿಲ್ಲ.

ನಷ್ಟದ ಸರ್ಕಾರಿ ಕಂಪನಿಗಳನ್ನಾದರೂ ಕಣ್ಣುಮುಚ್ಚಿ ಮುಚ್ಚಬಹುದಲ್ಲ?
*– ನಿವೃತ್ತ ಬ್ಯಾಂಕ್ ನೌಕರರು, ಕಂಪ್ಲಿ*

ಕಣ್ಣು ತೆರೆದೇ ಮುಚ್ಚಬೇಕು. ನಿಮಗೆ ಹತ್ತಿರದ ಉದಾಹರಣೆ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. ಅಣೆಕಟ್ಟುಗಳ ಗೇಟ್ ತಯಾರಿಸುತ್ತಿದ್ದ ಕೇಂದ್ರದ ಕಂಪನಿ. ವರ್ಷಗಟ್ಟಲೆ ನಷ್ಟದಲ್ಲಿತ್ತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿತು. ಆಮೇಲೆ 80 ಎಕರೆಗೂ ಹೆಚ್ಚು ಜಾಗವನ್ನು ರಾಜ್ಯಕ್ಕೆ ಕೊಡಲು ತೀರ್ಮಾನವಾಯಿತು. ಲೆಕ್ಕದ ಪ್ರಕಾರ ಸರಿಯಾದ ನಿರ್ಧಾರ, ನಾನಿದ್ದರೂ ಅದಕ್ಕೇ ಸಹಿ ಹಾಕುತ್ತಿದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸಲು ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಕಂಪನಿ ಇದ್ದಿದ್ದರೆ ಚೈನ್ ತುಂಡಾಗುತ್ತಿರಲಿಲ್ಲ ಅಂತ ಯಾರೂ ಹೇಳಲಾಗದು. ನನ್ನ ಮಾತು ಇಷ್ಟೇ. ಕಂಪನಿ ಮುಚ್ಚುವ ಕಡತದಲ್ಲಿ ಜಮೀನಿನ ಬೆಲೆ, ನೌಕರರ ಸ್ವಯಂ ನಿವೃತ್ತಿ ಎಲ್ಲದಕ್ಕೂ ಪುಟಗಳಿರುತ್ತವೆ. 'ಈ ಕೆಲಸ ಬಲ್ಲವರು ಇನ್ನು ಯಾರ ಬಳಿ ಇರುತ್ತಾರೆ?' ಎಂಬುದಕ್ಕೂ ಒಂದು ಪುಟ ಇರಬೇಕು.

ನಮ್ಮ ಜಿಲ್ಲೆಯಲ್ಲಿ ಯಾವ ಕಚೇರಿ ಬೇಡದ್ದು ಅಂತ ಸಾಮಾನ್ಯ ಜನ ತಿಳಿಯುವುದು ಹೇಗೆ?
*– ಕಿರಾಣಿ ಅಂಗಡಿಯವರು, ಕುಷ್ಟಗಿ*

ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ಸಿಬ್ಬಂದಿ, ಸಂಬಳ, ಅನುದಾನ, ಕೆಲಸಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕು. ಇಲ್ಲದಿದ್ದರೆ ಹತ್ತು ರೂಪಾಯಿ ಶುಲ್ಕದಲ್ಲಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ನಾಲ್ಕು ಸಂಗತಿ ಕೇಳಿದರೆ ಸಾಕು: ಕಳೆದ ವರ್ಷ ಬಂದ ಹಣ, ಅದರಲ್ಲಿ ಸಂಬಳ ಮತ್ತು ಬಾಡಿಗೆಗೆ ಹೋದದ್ದು, ಕೆಲಸಕ್ಕೆ ಹೋದದ್ದು, ಮಾರ್ಚ್ 31ರಂದು ಬ್ಯಾಂಕ್ ಖಾತೆಯಲ್ಲಿ ಉಳಿದದ್ದು. ಕೊನೆಯದನ್ನು ಬಿಡಬೇಡಿ, ಉತ್ತರ ತಪ್ಪಿಸಲು ನೋಡುವುದು ಅದಕ್ಕೇ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಆಮೇಲೂ ಬಾರದಿದ್ದರೆ ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ.